ಕುರ್ಚಿ ನಮ್ಮದು, ಸಹಿಯೂ ನಮ್ಮದು

(ಗಂಗಾವತಿಯಲ್ಲಿ ಸೇರಿದ್ದ ನವಸಾಕ್ಷರ ಹೆಣ್ಣುಮಕ್ಕಳ ಮುಂದೆ ಆಡಿದ ಮಾತು)

ತಾಯಂದಿರೇ, ಅಕ್ಕ ತಂಗಿಯರೇ,

ನೀವೆಲ್ಲ ಹೊಲ ಮನೆ ಕೆಲಸ ಮುಗಿಸಿ ಬಂದಿದ್ದೀರಿ. ಗಂಗಾವತಿ ಕಡೆಯವರು ಕಾಲುವೆ ನೀರಿನ ಭತ್ತದ ಗದ್ದೆಯಿಂದ ಬಂದಿದ್ದೀರಿ. ಕುಷ್ಟಗಿ, ಯಲಬುರ್ಗಾ ಕಡೆಯವರು ಮಳೆ ನಂಬಿದ ಹೊಲದಿಂದ ಬಂದಿದ್ದೀರಿ. ದಣಿದು ಬಂದವರ ಮುಂದೆ ಉದ್ದ ಮಾತು ಸಲ್ಲದು. ಆದರೂ ಒಂದು ವಿಷಯ ಮಾತಾಡಲೇಬೇಕು. ಅದು ರಾಜಕೀಯದ ವಿಷಯ.

ರಾಜಕೀಯ ಅಂದ ಕೂಡಲೇ ಕೆಲವರು ಮುಖ ತಿರುವಿದಿರಿ. ನಾನು ನೋಡಿದೆ. ನಿಮ್ಮ ಮನಸ್ಸಿನ ಮಾತು ನನಗೆ ಗೊತ್ತು.

"ಯಾರ ಬಂದ್ರೂ ನಮ್ಮ ಹಣೆಬರಹ ಇಷ್ಟ ಐತಿ ಬಿಡ್ರಿ."

"ಓಟು ಹಾಕಿ ಹಾಕಿ ಬೆರಳು ಸವದಾವು. ನಳದಾಗ ನೀರು ಮಾತ್ರ ಬರಲಿಲ್ಲ."

"ಆರಿಸಿ ಬರೂಮಟ ಅವ್ವಾ, ಅಕ್ಕಾ ಅಂತಾರ. ಆರಿಸಿ ಬಂದ ಮ್ಯಾಲೆ ಮುಖಾನೂ ತೋರ್ಸಂಗಿಲ್ಲ."

ಈ ಮಾತು ಸುಳ್ಳಲ್ಲ. ಮೋಸ ಹೋದವರ ಬಾಯಲ್ಲಿ ಬರುವ ಮಾತು ಇದು. ನಿಮ್ಮ ಬೇಸರ ತಪ್ಪು ಅಂತ ನಾನು ಹೇಳುವುದಿಲ್ಲ. ನಾನು ಕೇಳುವುದು ಇಷ್ಟೇ. ಬೇಸರ ಮಾಡಿಕೊಂಡು ಮನೆಯಲ್ಲಿ ಕೂತರೆ ಯಾರಿಗೆ ಲಾಭ?

ಬೀಸುವ ಕಲ್ಲು ಏನು ಹೇಳುತ್ತದೆ?

ನಮ್ಮ ಹಿರಿಯರು ಒಂದು ಗಾದೆ ಹೇಳುತ್ತಿದ್ದರು. ಯಾರು ರಾಜ್ಯ ಆಳಿದರೂ ನಾವು ರಾಗಿ ಬೀಸೋದು ತಪ್ಪಲಿಲ್ಲ ಅಂತ. ನಮ್ಮ ಕಡೆ ರಾಗಿ ಇಲ್ಲ, ಜೋಳ. ಜೋಳ ಬೀಸೋದು ತಪ್ಪಲಿಲ್ಲ ಅಂತ ಇಟ್ಟುಕೊಳ್ಳಿ.

ಈಗ ಹೇಳಿ. ನಿಮ್ಮಲ್ಲಿ ಎಷ್ಟು ಮಂದಿ ನಸುಕಿನಲ್ಲಿ ಎದ್ದು ಬೀಸುವ ಕಲ್ಲಿನಲ್ಲಿ ಜೋಳ ಬೀಸುತ್ತೀರಿ? ಕೈ ಎತ್ತಿ. ಯಾರೂ ಇಲ್ಲ. ಊರಿಗೆ ಗಿರಣಿ ಬಂದಿದೆ. ಗಿರಣಿ ಹೇಗೆ ಬಂತು? ಕರೆಂಟು ಬಂತು, ಗಿರಣಿ ಬಂತು. ಕರೆಂಟು ಹೇಗೆ ಬಂತು? ಯಾವ ಊರಿಗೆ ಕಂಬ ಹಾಕಬೇಕು, ಎಷ್ಟು ಹಣ ಕೊಡಬೇಕು ಅಂತ ಸರ್ಕಾರ ತೀರ್ಮಾನ ಮಾಡಿತು. ಊರವರು ಅರ್ಜಿ ಹಿಡಿದು ಓಡಾಡಿದರು.

ಆ ತೀರ್ಮಾನದ ಹೆಸರೇ ರಾಜಕೀಯ. ನಮ್ಮ ಅಜ್ಜಿಯರ ಕೈಯಲ್ಲಿ ಬೊಕ್ಕೆ ಎಬ್ಬಿಸಿದ ಕಲ್ಲು ಈಗ ಮೂಲೆ ಸೇರಿದೆ. ಗಾದೆ ಹುಟ್ಟಿದಾಗ ಅದು ನಿಜವಾಗಿತ್ತು. ಈಗ ಪೂರ್ತಿ ನಿಜವಲ್ಲ.

ಇನ್ನೊಂದು ಉದಾಹರಣೆ ನೋಡಿ. ಹಳ್ಳಿಹಳ್ಳಿಯಲ್ಲಿ ಕೈಪಂಪಿನ ಬೋರು ಇದ್ದದ್ದು ನಿಮಗೆ ನೆನಪಿರಬಹುದು. ನಮ್ಮ ರಾಜ್ಯದಲ್ಲಿ 1983ರ ನಂತರ ಅಬ್ದುಲ್ ನಜೀರ್ ಸಾಬ್ ಎಂಬ ಮಂತ್ರಿ ಇದ್ದರು. ಗ್ರಾಮೀಣಾಭಿವೃದ್ಧಿ ಖಾತೆ ಅವರದು. ಹಳ್ಳಿಗೆ ಮೊದಲು ಕುಡಿಯುವ ನೀರು ಕೊಡಬೇಕು ಅಂತ ಹಟ ಹಿಡಿದು ಬೋರು ಕೊರೆಸಿದರು. ಜನ ಅವರನ್ನು "ನೀರ್ ಸಾಬ್" ಅಂತಲೇ ಕರೆದರು. 1988ರಲ್ಲಿ ಅವರು ತೀರಿಕೊಂಡರು. ಅವರೂ ರಾಜಕೀಯದವರೇ. ಎಲ್ಲರೂ ಒಂದೇ ಅನ್ನುವ ಮೊದಲು ಇಂಥವರನ್ನೂ ಒಮ್ಮೆ ನೆನೆಯೋಣ.

ಹೆಸರೇ ಇಲ್ಲದ ಓಟು

ನಿಮ್ಮ ಕೈಯಲ್ಲಿರುವ ಓಟು ಎಷ್ಟು ಹಳೆಯದು ಗೊತ್ತೇ? ಬಹಳ ಹಳೆಯದಲ್ಲ.

ನಮ್ಮ ಈ ಭಾಗವನ್ನು ಹೈದರಾಬಾದಿನ ನಿಜಾಮರು ಆಳುತ್ತಿದ್ದರು. 1948ರ ಸೆಪ್ಟೆಂಬರ್ 17ರಂದು ಆ ಆಳ್ವಿಕೆ ಮುಗಿಯಿತು. ಅಲ್ಲಿಯವರೆಗೆ ಆಳುವವರನ್ನು ಆರಿಸುವ ಹಕ್ಕು ನಮ್ಮ ಅಜ್ಜಿಯರಿಗೆ ಇರಲಿಲ್ಲ. 1950ರಲ್ಲಿ ದೇಶಕ್ಕೆ ಸಂವಿಧಾನ ಬಂತು. ಡಾ. ಅಂಬೇಡ್ಕರ್ ಅದರ ಕರಡು ಸಮಿತಿಯ ಅಧ್ಯಕ್ಷರು. ಬಡವಿಗೂ ಒಂದೇ ಓಟು, ಸಾಹುಕಾರನಿಗೂ ಒಂದೇ ಓಟು ಅಂತ ಸಂವಿಧಾನ ಹೇಳಿತು. ಓದು ಬಂದವಳಿಗೂ ಒಂದು, ಓದು ಬಾರದವಳಿಗೂ ಒಂದು.

ದೊಡ್ಡ ಶ್ರೀಮಂತ ದೇಶ ಸ್ವಿಟ್ಜರ್ಲೆಂಡಿನಲ್ಲಿ ಹೆಣ್ಣುಮಕ್ಕಳಿಗೆ ದೇಶದ ಚುನಾವಣೆಯಲ್ಲಿ ಓಟು ಸಿಕ್ಕದ್ದು 1971ರಲ್ಲಿ. ನಮಗೆ 1951-52ರ ಮೊದಲನೇ ಚುನಾವಣೆಯಲ್ಲೇ ಸಿಕ್ಕಿತು.

ಆದರೆ ಆ ಮೊದಲನೇ ಚುನಾವಣೆಯಲ್ಲಿ ಒಂದು ಸಂಗತಿ ನಡೆಯಿತು. ಮತದಾರರ ಪಟ್ಟಿ ಬರೆಯುವವರು ಮನೆಮನೆಗೆ ಹೋದರು. ಉತ್ತರದ ಕೆಲವು ರಾಜ್ಯಗಳಲ್ಲಿ ಬಹಳ ಹೆಣ್ಣುಮಕ್ಕಳು ಹೆಸರು ಹೇಳಲಿಲ್ಲ. "ಇಂಥವನ ಹೆಂಡತಿ", "ಇಂಥವನ ತಾಯಿ" ಅಂತ ಬರೆಸಿದರು. ಪರಪುರುಷರ ಮುಂದೆ ಹೆಸರು ಹೇಳಬಾರದು ಅನ್ನುವ ರೂಢಿ. ಆಗಿನ ಮುಖ್ಯ ಚುನಾವಣಾ ಆಯುಕ್ತರು ಸುಕುಮಾರ ಸೇನ್. ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸಲು ಆಗದು ಅಂತ ಅವರು ಹೇಳಿದರು. ದೇಶದಲ್ಲಿ ಸುಮಾರು 8 ಕೋಟಿ ಹೆಣ್ಣು ಮತದಾರರಿದ್ದರು. ಅವರಲ್ಲಿ ಸುಮಾರು 28 ಲಕ್ಷ ಮಂದಿಯನ್ನು ಪಟ್ಟಿಯಿಂದ ತೆಗೆಯಬೇಕಾಯಿತು.

28 ಲಕ್ಷ ತಾಯಂದಿರು! ಸಂವಿಧಾನ ಅವರಿಗೆ ಓಟು ಕೊಟ್ಟಿತ್ತು. ಹೆಸರು ಇಲ್ಲದ್ದಕ್ಕೆ ಆ ಓಟು ಕೈಗೆ ಬರಲಿಲ್ಲ.

ಅದಕ್ಕೇ ಹೇಳುತ್ತೇನೆ. ನೀವು ಕೇಂದ್ರಕ್ಕೆ ಬಂದು ಮೊದಲು ಕಲಿತದ್ದು ಏನು? ನಿಮ್ಮ ಹೆಸರು ಬರೆಯುವುದು. ಅದು ಸಣ್ಣ ವಿದ್ಯೆ ಅಂತ ತಿಳಿಯಬೇಡಿ.

27 ಪೈಸೆ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಪಾಟಿ ಬಳಪ ಇದ್ದವರು ಬರೆದುಕೊಳ್ಳಿ.

ಚುನಾವಣೆ ಹಿಂದಿನ ರಾತ್ರಿ ಯಾರೋ ಬಂದು ಕೈಯಲ್ಲಿ 500 ರೂಪಾಯಿ ಇಟ್ಟರು ಅನ್ನಿ. ಒಂದು ಓಟು ಐದು ವರ್ಷಕ್ಕೆ. ಒಂದು ವರ್ಷಕ್ಕೆ 365 ದಿನ. ಐದು ವರ್ಷಕ್ಕೆ 1,825 ದಿನ. 500 ರೂಪಾಯಿಯನ್ನು 1,825 ದಿನಕ್ಕೆ ಹಂಚಿ. ದಿನಕ್ಕೆ ಎಷ್ಟು ಬಂತು? 27 ಪೈಸೆ.

27 ಪೈಸೆಗೆ ಅಂಗಡಿಯಲ್ಲಿ ಒಂದು ಬೆಂಕಿಪೆಟ್ಟಿಗೆಯೂ ಬರುವುದಿಲ್ಲ. ಆ 27 ಪೈಸೆ ತೆಗೆದುಕೊಂಡ ಮೇಲೆ ಐದು ವರ್ಷ ಏನಾದರೂ ಕೇಳಲು ಹೋದರೆ ಏನು ಹೇಳುತ್ತಾರೆ? "ಪುಗ್ಸಟ್ಟೆ ಹಾಕೀರೇನು ಓಟು? ರೊಕ್ಕ ತಗೊಂಡೀರಲ್ಲ" ಅನ್ನುತ್ತಾರೆ. ಬಾಯಿ ಕಟ್ಟಿತು. ಕೊಟ್ಟವರಿಗೆ ಬೇಕಾಗಿದ್ದೂ ಅದೇ.

ಕೆಲವರು ಇನ್ನೊಂದು ದಾರಿ ಹಿಡಿಯುತ್ತಾರೆ. ಓಟೇ ಹಾಕುವುದಿಲ್ಲ. ಕೆಲವರು ಗುಳೆ ಹೋಗಿರುತ್ತಾರೆ. ಬೆಂಗಳೂರು, ಮಂಗಳೂರು, ಗೋವಾ ಕಡೆ ದುಡಿಯಲು ಹೋದವರ ಕಷ್ಟ ಬೇರೆ. ಊರಲ್ಲೇ ಇದ್ದು ಹಾಕದವರ ಮಾತು ಬೇರೆ. ಸಿಟ್ಟಿನಿಂದ ಮನೆಯಲ್ಲಿ ಕೂತವಳ ಸಿಟ್ಟು ಯಾರಿಗೆ ಮುಟ್ಟುತ್ತದೆ? ಎಣಿಕೆಯ ಮೇಜಿಗಂತೂ ಮುಟ್ಟುವುದಿಲ್ಲ. ಯಾರೂ ಬೇಡ ಅನ್ನಿಸಿದರೂ ಅದನ್ನು ಹೇಳಲು 2013ರಿಂದ ಎಂ.ಎಲ್.ಎ., ಎಂ.ಪಿ. ಚುನಾವಣೆಯ ಮತಯಂತ್ರದಲ್ಲಿ ಒಂದು ಗುಂಡಿ ಇದೆ. ಅದನ್ನು ಒತ್ತಲಿಕ್ಕಾದರೂ ಮತಗಟ್ಟೆಗೆ ಹೋಗಬೇಕು.

ನಮ್ಮ ಮನೆ ಬಾಗಿಲಿನ ಸರ್ಕಾರ

ದಿಲ್ಲಿ ದೂರ. ಬೆಂಗಳೂರೂ ದೂರ. 1997ರವರೆಗೆ ನಮ್ಮ ಜಿಲ್ಲಾ ಕಚೇರಿಯೂ ದೂರವೇ ಇತ್ತು. ರಾಯಚೂರಿಗೆ ಹೋಗಬೇಕಿತ್ತು. ಆ ವರ್ಷ ಕೊಪ್ಪಳ ಬೇರೆ ಜಿಲ್ಲೆಯಾಯಿತು. ಆದರೆ ಇವೆಲ್ಲಕ್ಕಿಂತ ಹತ್ತಿರದ ಸರ್ಕಾರ ಒಂದಿದೆ. ಅದು ಗ್ರಾಮ ಪಂಚಾಯ್ತಿ.

ನಳ, ಬೀದಿ ದೀಪ, ಚರಂಡಿ, ಮನೆಯ ಉತಾರ, ಮನೆ ಹಂಚಿಕೆಯ ಪಟ್ಟಿ, ಇವೆಲ್ಲ ಪಂಚಾಯ್ತಿಯ ಕೆಲಸ. ನೀರಿಲ್ಲದಾಗ ಕೊಡ ಹಿಡಿದು ನಡೆಯುವವರು ಯಾರು? ಹೆಣ್ಣುಮಕ್ಕಳು. ಬೀದಿ ದೀಪ ಇಲ್ಲದಾಗ ಕತ್ತಲಲ್ಲಿ ಬಯಲಿಗೆ ಹೋಗಲು ಅಂಜಿದವರು ಯಾರು? ಹೆಣ್ಣುಮಕ್ಕಳು. ಆದರೂ ಬಹಳ ಕಾಲ ಪಂಚಾಯ್ತಿ ಕಟ್ಟೆಯ ಮೇಲೆ ಕೂತವರು ಗಂಡಸರು ಮಾತ್ರ.

ಇದನ್ನು ಕಾಯ್ದೆ ಬದಲಿಸಿತು. ಮೂರು ವರ್ಷಗಳನ್ನು ನೆನಪಿಡಿ.

1987: ನಜೀರ್ ಸಾಬ್ ಅವರ ಕಾಲದಲ್ಲಿ ಮಂಡಲ ಪಂಚಾಯ್ತಿ, ಜಿಲ್ಲಾ ಪರಿಷತ್ತುಗಳಿಗೆ ಚುನಾವಣೆ ನಡೆಯಿತು. ನೂರಕ್ಕೆ 25 ಸೀಟು ಹೆಣ್ಣುಮಕ್ಕಳಿಗೆ ಅಂತ ಆಯಿತು. ದೇಶಕ್ಕಿಂತ ಮೊದಲು ನಮ್ಮ ರಾಜ್ಯ ಈ ಹೆಜ್ಜೆ ಇಟ್ಟಿತು.

1993: ಸಂವಿಧಾನಕ್ಕೆ 73ನೇ ತಿದ್ದುಪಡಿ ಜಾರಿಗೆ ಬಂತು. ಇಡೀ ದೇಶದ ಪಂಚಾಯ್ತಿಗಳಲ್ಲಿ ಮೂರರಲ್ಲಿ ಒಂದು ಪಾಲು ಹೆಣ್ಣುಮಕ್ಕಳಿಗೆ ಸಿಕ್ಕಿತು. ಸದಸ್ಯರ ಸೀಟಿನಲ್ಲಿ ಮಾತ್ರವಲ್ಲ, ಅಧ್ಯಕ್ಷರ ಕುರ್ಚಿಯಲ್ಲೂ ಪಾಲು ಸಿಕ್ಕಿತು.

2010: ಕರ್ನಾಟಕ ತನ್ನ ಕಾಯ್ದೆ ತಿದ್ದಿ ಪಾಲನ್ನು ಅರ್ಧಕ್ಕೆ ಏರಿಸಿತು. ನೂರಕ್ಕೆ 50.

ಈಗ ಸದಸ್ಯರಲ್ಲಿ ಅರ್ಧ ಮಂದಿ ಹೆಣ್ಣುಮಕ್ಕಳು. ಇನ್ನು 2023ರಲ್ಲಿ ವಿಧಾನಸಭೆ ಮತ್ತು ಲೋಕಸಭೆಯಲ್ಲಿ ಮೂರರಲ್ಲಿ ಒಂದು ಪಾಲು ಕೊಡುವ ಕಾಯ್ದೆಯೂ ಪಾಸಾಯಿತು. ಜನಗಣತಿ ಮುಗಿದು ಕ್ಷೇತ್ರ ವಿಂಗಡಣೆ ಆದ ಮೇಲೆ ಅದು ನಡೆಗೆ ಬರಬೇಕು ಅಂತ ಅದರಲ್ಲೇ ಬರೆದಿದೆ. ಅಲ್ಲಿಗೆ ಹೋಗುವವರು ಎಲ್ಲಿಂದ ತಯಾರಾಗಬೇಕು? ಪಂಚಾಯ್ತಿಯಿಂದ.

ಕುರ್ಚಿ ಅವಳದು, ಮಾತು ಯಾರದು?

ಇಲ್ಲಿ ನೀವು ನಗುತ್ತೀರಿ. "ಹೆಣ್ಣುಮಕ್ಕಳ ಸೀಟಂತ. ನಡಿಸೋರು ಗಂಡಂದಿರು" ಅನ್ನುತ್ತೀರಿ.

ನಿಜ. ಅವಳು ಆರಿಸಿ ಬರುತ್ತಾಳೆ. ಹಾರ ಅವನ ಕೊರಳಿಗೆ ಬೀಳುತ್ತದೆ. ಸಭೆಯ ಪುಸ್ತಕ ಮನೆಗೇ ಬರುತ್ತದೆ. ರೊಟ್ಟಿ ಬಡಿಯುತ್ತಿದ್ದವಳು ಹಿಟ್ಟಿನ ಕೈ ಒರೆಸಿಕೊಂಡು ಹೆಬ್ಬೆಟ್ಟು ಒತ್ತುತ್ತಾಳೆ. ಪುಸ್ತಕದಲ್ಲಿ ಏನು ಬರೆದಿದೆ ಅಂತ ಅವಳಿಗೆ ಗೊತ್ತಿಲ್ಲ. ನಾಳೆ ಲೆಕ್ಕದಲ್ಲಿ ತಪ್ಪು ಬಂದರೆ ನೋಟೀಸು ಯಾರ ಹೆಸರಿಗೆ ಬರುತ್ತದೆ? ಗಂಡನ ಹೆಸರಿಗಲ್ಲ, ಊರ ಗೌಡರ ಹೆಸರಿಗಲ್ಲ. ಅವಳ ಹೆಸರಿಗೆ. ಉಂಡವರು ಒಬ್ಬರು, ಎಲೆ ಎತ್ತುವವರು ಇನ್ನೊಬ್ಬರು.

ಪರಿಶಿಷ್ಟ ಜಾತಿಯ ಹೆಣ್ಣುಮಗಳಾದರೆ ಅವಳಿಗೆ ಕಷ್ಟ ಇಮ್ಮಡಿ. ಗೌಡರ ಮುಂದೆ ಕುರ್ಚಿಯಲ್ಲಿ ಕೂಡಲು ಬಿಡದ ಊರುಗಳಿವೆ. ಅವಳು ಕೂತ ಕುರ್ಚಿ ಬರೀ ಕಟ್ಟಿಗೆಯದಲ್ಲ, ಕಾಯ್ದೆಯದು. ಅದರಲ್ಲಿ ಕೂಡುವುದೇ ಅವಳ ಮೊದಲ ಕೆಲಸ. ಅವಳ ಪಕ್ಕದಲ್ಲಿ ನಿಲ್ಲುವುದು ನಮ್ಮ ಕೆಲಸ.

ಹಾಗಾದರೆ ಈ ಮೀಸಲಾತಿ ಬರೀ ಸುಳ್ಳೇ? ಅಲ್ಲ. ಗೇಯುವುದಕ್ಕೆ ಭೂಮಿ ಸಿಕ್ಕಿದೆ. ಇನ್ನು ಬಿತ್ತಬೇಕು.

ನಾಲ್ಕು ಮಾತು ಮನಸ್ಸಿನಲ್ಲಿಟ್ಟುಕೊಳ್ಳಿ.

ಒಂದು, ಓದದೆ ಸಹಿ ಮಾಡಬೇಡಿ. ಓದಲು ತಡವಾದರೆ ಆಗಲಿ. "ಸ್ವಲ್ಪ ತಡೀರಿ, ಓದ್ತೀನಿ" ಅನ್ನಿ. ಅರ್ಥವಾಗದಿದ್ದರೆ ಜೋರಾಗಿ ಓದಿಸಿ ಕೇಳಿ. ಖಾಲಿ ಹಾಳೆಗೆ ಎಂದೂ ಸಹಿ ಬೇಡ. ಪಂಚಾಯ್ತಿಯ ಹಣ ಹೊರಗೆ ಹೋಗಬೇಕಾದರೆ ಅಧ್ಯಕ್ಷರ ಮತ್ತು ಪಂಚಾಯ್ತಿ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಅವರ ಒಪ್ಪಿಗೆ ಬೇಕು. ಈಗ ಕಂಪ್ಯೂಟರಿನಲ್ಲಿ ಸಹಿ ಮಾಡುವ ಕೀಲಿಯೂ ಬಂದಿದೆ. ಮನೆಯ ತಿಜೋರಿ ಕೀಲಿಯನ್ನು ಬೇರೆಯವರ ಕೈಗೆ ಕೊಡುತ್ತೀರಾ? ಇದೂ ಹಾಗೆಯೇ.

ಎರಡು, ಸಭೆಗೆ ಆರಿಸಿ ಬಂದವಳೇ ಹೋಗಬೇಕು. ಗಂಡ ಬೈಕಿನಲ್ಲಿ ಬಿಟ್ಟು ಬರಲಿ, ಬೇಡ ಅನ್ನುವುದಿಲ್ಲ. ಆದರೆ ಅವನು ಹೊರಗೆ, ಅವಳು ಒಳಗೆ.

ಮೂರು, ಒಂಟಿಯಾಗಿ ಹೋಗಬೇಡಿ. ಸದಸ್ಯೆಯರು ಸಭೆಗೆ ಮೊದಲೇ ಒಂದು ಕಡೆ ಕೂಡಿ. ಏನು ಕೇಳಬೇಕು ಅಂತ ಗೊತ್ತುಮಾಡಿಕೊಳ್ಳಿ. ಒಬ್ಬಳು ಎದ್ದು ಮಾತಾಡಿದಾಗ "ಸುಮ್ಕ ಕೂಡ್ರಬೇ" ಅಂದರೆ ಇನ್ನೊಬ್ಬಳು ಏಳಲಿ. "ಆಕಿ ಕೇಳಿದ್ದಕ್ಕ ಉತ್ತರ ಕೊಡ್ರಿ ಮದಲ" ಅನ್ನಲಿ.

ನಾಲ್ಕು, ಬರೆದು ಕೊಡಿ, ಬರೆಸಿಕೊಳ್ಳಿ. ಬಾಯಿ ಮಾತು ಗಾಳಿಗೆ ಹೋಗುತ್ತದೆ. ಸಭೆಯಲ್ಲಿ ನೀವು ಹೇಳಿದ್ದು ನಡಾವಳಿ ಪುಸ್ತಕದಲ್ಲಿ ಬಂದಿದೆಯೇ ಅಂತ ನೋಡಿ.

ಹೊಸ ಸದಸ್ಯರಿಗೆ ಸರ್ಕಾರ ತರಬೇತಿ ಕೊಡುತ್ತದೆ. ಮೈಸೂರಿನ ತರಬೇತಿ ಸಂಸ್ಥೆಗೆ ಅಬ್ದುಲ್ ನಜೀರ್ ಸಾಬ್ ಅವರ ಹೆಸರನ್ನೇ ಇಟ್ಟಿದ್ದಾರೆ. ತರಬೇತಿ ಅಂದಾಗ ಮನೆ ಕೆಲಸ ಅಂತ ತಪ್ಪಿಸಬೇಡಿ.

ಒಂದು ಪಾಠ ಓದಿದ ಊರು

ಅಕ್ಷರ ಕಲಿತರೆ ಇದೆಲ್ಲ ಆಗುತ್ತದೆಯೇ ಅಂತ ನೀವು ಕೇಳಬಹುದು. ನಮ್ಮ ಪಕ್ಕದ ಆಂಧ್ರದ ಒಂದು ಊರಿನ ಸಂಗತಿ ಹೇಳುತ್ತೇನೆ.

ನೆಲ್ಲೂರು ಜಿಲ್ಲೆಯಲ್ಲಿ ದೂಬಗುಂಟ ಅಂತ ಊರು. 1990ರ ನಂತರ ಅಲ್ಲಿ ಸಾಕ್ಷರತಾ ಆಂದೋಲನ ನಡೆಯಿತು. ನಿಮ್ಮಂತೆಯೇ ಕೂಲಿ ಮಾಡುವ ಹೆಣ್ಣುಮಕ್ಕಳು ಸಂಜೆ ಕೂತು ಕಲಿತರು. ಅವರ ಪುಸ್ತಕದಲ್ಲಿ ಒಂದು ಪಾಠ ಇತ್ತು. ಹಳ್ಳಿಯ ಹೆಣ್ಣುಮಕ್ಕಳು ಕೂಡಿ ಸಾರಾಯಿ ಅಂಗಡಿ ಮುಚ್ಚಿಸಿದ ಪಾಠ. ಓದಿದವರು ಸುಮ್ಮನಿರಲಿಲ್ಲ. ಇದು ನಮ್ಮ ಕಥೆಯೂ ಹೌದಲ್ಲ, ನಾವೂ ಯಾಕೆ ಮಾಡಬಾರದು ಅಂದರು. 1992ರಲ್ಲಿ ಅವರು ತಮ್ಮ ಊರಿನ ಸಾರಾಯಿ ನಿಲ್ಲಿಸಿದರು. ದೂಬಗುಂಟ ರೋಶಮ್ಮ ಎಂಬ ಹೆಣ್ಣುಮಗಳ ಹೆಸರು ರಾಜ್ಯಕ್ಕೆಲ್ಲ ಗೊತ್ತಾಯಿತು. ಮಾತು ಊರಿಂದ ಊರಿಗೆ ಹಬ್ಬಿತು. ಜಿಲ್ಲೆಯಲ್ಲಿ ಸಾರಾಯಿ ಹರಾಜು ನಡೆಸಲು ಬಂದ ಅಧಿಕಾರಿಗಳು ಹರಾಜನ್ನು ಮುಂದೂಡಬೇಕಾಯಿತು. 1993ರಲ್ಲಿ ಆಂಧ್ರದಲ್ಲಿ ಸಾರಾಯಿ ನಿಂತಿತು. 1995ರಲ್ಲಿ ಪೂರ್ತಿ ಪಾನನಿಷೇಧವೂ ಬಂತು.

ಕಥೆ ಇಲ್ಲಿಗೇ ಮುಗಿದರೆ ಚೆಂದ ಇತ್ತು. ಮುಗಿಯಲಿಲ್ಲ. 1997ರಲ್ಲಿ ಸರ್ಕಾರ ಆ ಪಾನನಿಷೇಧವನ್ನು ಹಿಂದಕ್ಕೆ ತೆಗೆದುಕೊಂಡಿತು. ನಮ್ಮ ರಾಜ್ಯದಲ್ಲೂ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯಿತು. ಆದರೆ ಬೇರೆ ಮದ್ಯದ ಮಾರಾಟ ನಿಲ್ಲಲಿಲ್ಲ. 2019ರ ಜನವರಿಯಲ್ಲಿ ರಾಯಚೂರು ಕಡೆಯವರೂ ಸೇರಿ ನಮ್ಮ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದರು. ಸುಮಾರು 200 ಕಿಲೋಮೀಟರು. ಕಾಲಲ್ಲಿ ಬೊಕ್ಕೆ ಎದ್ದರೂ ನಡೆದರು. ಅವರು ಕೇಳಿದ ಪಾನನಿಷೇಧ ಸಿಗಲಿಲ್ಲ.

ಇದನ್ನು ಯಾಕೆ ಹೇಳಿದೆ? ಎಲ್ಲ ಕೇಳಿದ ಕೂಡಲೇ ಸಿಗುತ್ತದೆ ಅಂತ ನಾನು ಸುಳ್ಳು ಆಸೆ ತೋರಿಸಬಾರದು. ಸುಳ್ಳು ಆಸೆ ತೋರಿಸಿದವರಿಂದಲೇ ನಮಗೆ ಬೇಸರ ಬಂದದ್ದು. ಒಮ್ಮೆ ಗೆದ್ದದ್ದು ಕೈತಪ್ಪಬಹುದು. ಒಮ್ಮೆ ಕಳೆ ತೆಗೆದರೆ ಹೊಲ ಹಸನಾಗಿಯೇ ಇರುತ್ತದೆಯೇ? ಮತ್ತೆ ಕಳೆ ಬರುತ್ತದೆ, ಮತ್ತೆ ಕುರಪಿ ಹಿಡಿಯುತ್ತೇವೆ. ಕಳೆ ಬಂತು ಅಂತ ಯಾರೂ ಹೊಲ ಬಿಟ್ಟು ಹೋಗುವುದಿಲ್ಲ.

ಆ ಊರುಗಳಲ್ಲಿ ಒಂದು ಮಾತ್ರ ಉಳಿಯಿತು. ಕೂಡಿ ಹೋದರೆ ಅಧಿಕಾರಿಗಳು ಎದ್ದು ನಿಲ್ಲುತ್ತಾರೆ ಅನ್ನುವುದು ಹೆಣ್ಣುಮಕ್ಕಳಿಗೆ ಗೊತ್ತಾಯಿತು.

ನಮ್ಮ ಕಡೆಯೂ ಇಂಥ ಸಂಘಗಳು ಹುಟ್ಟಿದವು. 1989ರಲ್ಲಿ ಕರ್ನಾಟಕದಲ್ಲಿ ಮಹಿಳಾ ಸಮಖ್ಯ ಎಂಬ ಕಾರ್ಯಕ್ರಮ ಶುರುವಾಯಿತು. ಆಮೇಲೆ ಅದು ನಮ್ಮ ಕೊಪ್ಪಳ ಜಿಲ್ಲೆಯಲ್ಲೂ ಕೆಲಸ ಮಾಡಿತು. ಬಡ ಹೆಣ್ಣುಮಕ್ಕಳು ವಾರಕ್ಕೊಮ್ಮೆ ಕೂಡಿ ತಮ್ಮ ಕಷ್ಟ ಮಾತಾಡಿದರು. ಅವರಲ್ಲಿ ಎಷ್ಟೋ ಮಂದಿ ಪಂಚಾಯ್ತಿ ಚುನಾವಣೆಗೆ ನಿಂತರು. ಕಾರ್ಯಕ್ರಮ ಈಗ ಇಲ್ಲ. ಕೂಡಿ ಮಾತಾಡುವ ರೂಢಿಯನ್ನು ನಿಮ್ಮ ಸ್ವಸಹಾಯ ಸಂಘಗಳಲ್ಲಿ ಉಳಿಸಿಕೊಳ್ಳಬಹುದು. ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ತಾಸು ಊರಿನ ಮಾತಿಗೆ ಇಡಿ.

ಲೆಕ್ಕ ಕೇಳಿದವರು

ರಾಜಸ್ಥಾನದಲ್ಲಿ ಬರಗಾಲದ ಕೆಲಸಕ್ಕೆ ಹೋದ ಕೂಲಿಕಾರರು ಇದ್ದರು. ದುಡಿದರೂ ಪೂರ್ತಿ ಕೂಲಿ ಸಿಗುತ್ತಿರಲಿಲ್ಲ. ಹಾಜರಿ ಪಟ್ಟಿ ತೋರಿಸಿ ಅಂದರು. ಅದು ಗುಟ್ಟಿನ ಕಾಗದ ಅಂತ ಉತ್ತರ ಬಂತು. ಅವರು ಬಿಡಲಿಲ್ಲ. 1994ರಿಂದ ಊರ ಮಂದಿಯನ್ನು ಕೂಡಿಸಿ ಪಟ್ಟಿಗಳನ್ನು ಎಲ್ಲರ ಮುಂದೆ ಜೋರಾಗಿ ಓದಿದರು. ಸತ್ತವರ ಹೆಸರಿನಲ್ಲೂ ಕೂಲಿ ಬರೆದದ್ದು, ಕಟ್ಟದ ಕಟ್ಟಡಕ್ಕೆ ಬಿಲ್ಲು ಮಾಡಿದ್ದು ಹೊರಗೆ ಬಿತ್ತು. ಲೆಕ್ಕ ಕೇಳುವ ಆ ಕೂಗು ದೇಶಕ್ಕೆಲ್ಲ ಕೇಳಿಸಿತು. 2005ರಲ್ಲಿ ಮಾಹಿತಿ ಹಕ್ಕು ಕಾಯ್ದೆ ಬಂತು.

ಓದು ಬಾರದ, ಅರೆಬರೆ ಓದು ಬಂದ ಕೂಲಿಕಾರರು ಕೇಳಿ ಕೇಳಿ ಪಡೆದ ಕಾಯ್ದೆ ಅದು. ಈಗ ಅದು ನಿಮ್ಮದೂ ಹೌದು. ನೀವು ಬರೆಯಲು ಕಲಿತಿದ್ದೀರಿ. ಅರ್ಜಿ ಹೇಗಿರಬೇಕು ನೋಡಿ.

"ಇವರಿಗೆ,
ಸಾರ್ವಜನಿಕ ಮಾಹಿತಿ ಅಧಿಕಾರಿಗಳು, ಗ್ರಾಮ ಪಂಚಾಯ್ತಿ.
ನಮ್ಮ ವಾರ್ಡಿನ ಕುಡಿಯುವ ನೀರಿನ ಕೆಲಸಕ್ಕೆ ಕಳೆದ ವರ್ಷ ಎಷ್ಟು ಹಣ ಖರ್ಚಾಗಿದೆ? ಯಾವ ಯಾವ ಕೆಲಸಕ್ಕೆ? ಬಿಲ್ಲಿನ ನಕಲು ಕೊಡಿ.
ಹೆಸರು, ವಿಳಾಸ, ದಿನಾಂಕ, ಸಹಿ."

ಇಷ್ಟೇ. ಅರ್ಜಿಗೆ 10 ರೂಪಾಯಿ ಶುಲ್ಕ. ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ, ಕಾರ್ಡಿನ ನಕಲು ಹಚ್ಚಬೇಕು. ಒಂದು ಅರ್ಜಿಯಲ್ಲಿ ಒಂದೇ ವಿಷಯ ಬರೆಯಿರಿ. 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಕೊಟ್ಟದ್ದಕ್ಕೆ ಸ್ವೀಕೃತಿ ತೆಗೆದುಕೊಳ್ಳಲು ಮರೆಯಬೇಡಿ.

ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕು. ಅದಕ್ಕಿಂತ ಮೊದಲು ವಾರ್ಡ್ ಸಭೆ ನಡೆಯಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿದ್ದ ಎಲ್ಲರೂ ಗ್ರಾಮಸಭೆಯ ಸದಸ್ಯರೇ. ಕರೆಯಲಿಲ್ಲ ಅಂತ ಮುನಿಸಿಕೊಳ್ಳುವುದು ಬೇಡ. ಮದುವೆ ಮನೆಗೆ ಕರೆಯದೆ ಹೋಗಬಾರದು. ಗ್ರಾಮಸಭೆಗೆ ಹೋಗಬಹುದು, ಅದು ನಮ್ಮ ಮನೆಯದೇ ಕಾರ್ಯ. ಡಂಗುರ ಸಾರಲಿಲ್ಲ, ನೋಟೀಸು ಹಚ್ಚಲಿಲ್ಲ ಅಂದರೆ ಅದನ್ನೇ ಮೊದಲು ಕೇಳಿ.

ಏನು ಕೇಳಬೇಕು? ಒಂದು ಪ್ರಶ್ನೆ ನಾನು ಹೇಳುತ್ತೇನೆ.

ನಮ್ಮ ಕೊಪ್ಪಳ ಜಿಲ್ಲೆಯ ಬಹಳ ಕಡೆ, ಅದರಲ್ಲೂ ಕುಷ್ಟಗಿ, ಯಲಬುರ್ಗಾ ಭಾಗದಲ್ಲಿ, ಬೋರಿನ ನೀರಿನಲ್ಲಿ ಫ್ಲೋರೈಡ್ ಇದೆ. ಕಣ್ಣಿಗೆ ಕಾಣದು, ನಾಲಿಗೆಗೆ ತಿಳಿಯದು. ಲೀಟರಿಗೆ ಒಂದೂವರೆ ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಕುಡಿಯಲು ಯೋಗ್ಯವಲ್ಲ. ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಂದು ಕಲೆ ಬೀಳುತ್ತದೆ. ದೊಡ್ಡವರಿಗೆ ಕೀಲು ನೋವು, ಬೆನ್ನು ಬಾಗುವುದು ಬರುತ್ತದೆ. ನೀರು ಕಾಯಿಸಿದರೆ ಅದು ಹೋಗುವುದಿಲ್ಲ. ನಮ್ಮ ಹಣೆಬರಹ ಅಂತ ಸುಮ್ಮನಿದ್ದ ಎಷ್ಟೋ ಬೆನ್ನು ನೋವು ಹಣೆಯಲ್ಲಿ ಇಲ್ಲ, ಕೊಡದಲ್ಲಿ ಇದೆ.

ಆದ್ದರಿಂದ ಗ್ರಾಮಸಭೆಯಲ್ಲಿ ಕೇಳಿ: "ನಮ್ಮ ಬೋರಿನ ನೀರು ಯಾವಾಗ ಪರೀಕ್ಷೆ ಮಾಡಿಸೀರಿ? ಚೀಟಿ ಓದಿ ಹೇಳ್ರಿ. ಶುದ್ಧ ನೀರಿನ ಘಟಕ ಕೆಟ್ಟರೆ ಎಷ್ಟು ದಿನದಾಗ ರಿಪೇರಿ ಮಾಡಿಸ್ತೀರಿ?" ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಮುಂದಿನ ಸಭೆಯಲ್ಲಿ ಅದೇ ಪುಟ ತೆಗೆಸಿ ಓದಿಸಿ.

ಒಂದೇ ಪ್ರಶ್ನೆ ಹಿಡಿದುಕೊಳ್ಳಿ, ಹತ್ತು ಬೇಡ. ಉತ್ತರ ಬರುವವರೆಗೆ ಬಿಡಬೇಡಿ.

ನಾವೂ ನಿಲ್ಲಬಹುದು

ಕೇಳುತ್ತಾ ಕೇಳುತ್ತಾ ಒಂದು ದಿನ ನಿಮಗೇ ಅನ್ನಿಸುತ್ತದೆ. ಈ ಕೆಲಸ ನಾನೇ ಯಾಕೆ ಮಾಡಬಾರದು ಅಂತ. ಮಾಡಬಹುದು.

ಗ್ರಾಮ ಪಂಚಾಯ್ತಿ ಚುನಾವಣೆಗೆ ನಿಲ್ಲಲು 21 ವರ್ಷ ತುಂಬಿರಬೇಕು. ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಇಷ್ಟೇ ಕ್ಲಾಸು ಓದಿರಬೇಕು ಅನ್ನುವ ನಿಯಮ ನಮ್ಮ ರಾಜ್ಯದಲ್ಲಿ ಇಲ್ಲ. ಪಕ್ಷದ ಚಿಹ್ನೆಯೂ ಬೇಕಿಲ್ಲ. ಗ್ರಾಮ ಪಂಚಾಯ್ತಿ ಚುನಾವಣೆ ಪಕ್ಷದ ಮೇಲೆ ನಡೆಯುವುದಿಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರು ಅನ್ನುವುದು ಲೆಕ್ಕ. ಆ 400 ಮಂದಿಯಲ್ಲಿ ಮಕ್ಕಳನ್ನು ಬಿಟ್ಟರೆ ಓಟಿನವರು ಎಷ್ಟು? ಅವರಲ್ಲಿ ಅರ್ಧ ಹೆಣ್ಣುಮಕ್ಕಳು. ನಳದ ಹತ್ತಿರ, ನಾಟಿ ಹಚ್ಚುವಲ್ಲಿ, ಹುಲಿಗಿ ಜಾತ್ರೆಯಲ್ಲಿ ನೀವು ದಿನವೂ ಕಾಣುವ ಮುಖಗಳೇ. ಅವರ ಮನೆಗೆ ಹೋಗಿ ಮಾತಾಡಲು ಕಾರು ಬೇಡ, ಹಾರ ಬೇಡ.

"ನನಗ ಭಾಷಣ ಬರಂಗಿಲ್ಲ" ಅನ್ನಬೇಡಿ. ಹತ್ತು ಮಂದಿಯ ಮನೆ ನಡೆಸಿದ್ದೀರಿ. ಬರಗಾಲದಲ್ಲಿ ಇದ್ದಷ್ಟರಲ್ಲೇ ಎಲ್ಲರ ಹೊಟ್ಟೆ ತುಂಬಿಸಿದ್ದೀರಿ. ಸಂಘದ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹುಡುಕಿ ತೆಗೆದಿದ್ದೀರಿ. ಪಂಚಾಯ್ತಿಗೆ ಬೇಕಾದದ್ದು ಇಂಥ ಬುದ್ಧಿಯೇ.

ನಿಲ್ಲುವವಳ ಜೊತೆ ನಡೆಯುವವರೂ ಬೇಕು. ಒಬ್ಬಳು ನಿಂತರೆ ಅವಳ ಮಗುವನ್ನು ಒಂದು ಹೊತ್ತು ನೋಡಿಕೊಳ್ಳಿ. ಅವಳ ಪಾಲಿನ ಕೊಡ ಒಂದು ದಿನ ತಂದು ಕೊಡಿ. ಗೆದ್ದ ಮೇಲೆ ಅವಳನ್ನೂ ಲೆಕ್ಕ ಕೇಳಿ. ನಮ್ಮವಳು ಅಂತ ಬಿಟ್ಟರೆ ಅವಳೂ ಹಾದಿ ತಪ್ಪುತ್ತಾಳೆ.

ಈ ವಾರದ ಕೆಲಸ

ಮಾತು ಸಾಕು. ಈಗ ಕೆಲಸ ಹೇಳುತ್ತೇನೆ. ಮೂರೇ ಕೆಲಸ.

ಮೊದಲನೆಯದು: ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ನೀವೇ ಓದಿ ನೋಡಿ. ಬೇರೆಯವರನ್ನು ಕೇಳಬೇಡಿ. ಬೆರಳಿಟ್ಟು ಓದಿ. ತಪ್ಪಿದ್ದರೆ ತಿದ್ದಿಸಲು ಅರ್ಜಿ ಕೊಡಿ. ಹದಿನೆಂಟು ತುಂಬಿದ ಮಗಳ, ಸೊಸೆಯ ಹೆಸರೂ ನೋಡಿ.

ಎರಡನೆಯದು: ಪಂಚಾಯ್ತಿಗೆ ನಾಲ್ಕು ಮಂದಿ ಕೂಡಿ ಹೋಗಿ. ಮುಂದಿನ ಗ್ರಾಮಸಭೆ ಯಾವಾಗ ಅಂತ ಕೇಳಿ ತಾರೀಖು ಬರೆದುಕೊಂಡು ಬನ್ನಿ.

ಮೂರನೆಯದು: ನಿಮ್ಮ ಓಣಿಗೆ ಏನು ಬೇಕು ಅಂತ ಸಂಘದಲ್ಲಿ ಮಾತಾಡಿ, ಒಂದು ಪ್ರಶ್ನೆ ಆರಿಸಿ, ಹಾಳೆಯ ಮೇಲೆ ಬರೆಯಿರಿ. ಕೆಳಗೆ ಎಲ್ಲರೂ ಸಹಿ ಮಾಡಿ. ಹೆಬ್ಬೆಟ್ಟು ಒತ್ತುವವರು ಇನ್ನೂ ಇದ್ದರೆ ಒತ್ತಲಿ, ಅದಕ್ಕೂ ಅಷ್ಟೇ ಬೆಲೆ. ಮುಂದಿನ ಸಲ ಅವರಿಗೂ ಹೆಸರು ಬರೆಯಲು ಕಲಿಸೋಣ.

ಮುಂದಿನ ವಾರ ಕೇಂದ್ರಕ್ಕೆ ಬರುವಾಗ ಆ ಹಾಳೆ ತನ್ನಿ. ಎಲ್ಲರ ಮುಂದೆ ಓದೋಣ.